ಗಡಿಗ್ಯಾಗಿನ ಮೀನು

ನಮ್ಮ ಮಾವನೋರಿಗೆ ಗಾಳದ ಹುಚ್ಚು ಭಾಳ ನೋಡ್ರಿ ಅಕ್ಕಾರೇ. ರಂಗಂಪೇಟಿಯಿಂದ ತಿಂಥಣಿ ಕಡೆ ಕೃಷ್ಣಾ ಹೊಳಿಗೆ ಹೋಗೋದಿದ್ರ, ಹಿಂದಿನ ದಿನಾನೇ ಮೊಮ್ಮಗನ್ನ ಕರಕೊಂಡು ಕಾಲುವಿಗೆ ಹೋಗ್ತಾರ. ನೀರು ಬಂದ್ ಆದ ಮ್ಯಾಲ ತಗ್ಗಿನಾಗ ಉಳಿದ ಬೆರಳುದ್ದದ ಮೀನಾ ನನ್ನ ಹಳೆ ಸೀರಿ ತುಂಡಿನಾಗ ಹಿಡಕೊಂಡು ಬರ್ತಾರ. ಕೊರವ, ಬಾಳೆ ಮೀನು ಒದ್ದಾಡೋ ಮೀನಿಗೇ ಲಗೂನ ಬಾಯಿ ಹಾಕ್ತಾವಂತ.

ಹೋದ ಬ್ಯಾಸಿಗ್ಯಾಗ ಬಕೀಟಿನ ನೀರು ರಾಡಿ ಆಗಿದ್ದು ಕಂಡು, ಪಾಪ ಅಂತ ಪೂರಾ ಚೆಲ್ಲಿ ನಳದ ನೀರು ತುಂಬಿಸಿದೆ. ಮುಂಜಾನೆ ನೋಡಿದ್ರ ಎಲ್ಲಾ ಹೊಟ್ಟಿ ಮ್ಯಾಲ ಮಾಡಿದ್ವು! ಹುಡುಗ ಎರಡು ದಿನ ನನ್ನ ಕೂಡ ಮಾತಾಡ್ಲಿಲ್ಲ.

ಮಾವನೋರು ಬೈಲಿಲ್ಲ. "ನಳದ ನೀರಾಗ ಬ್ಲೀಚಿಂಗ್ ಪೌಡರ್ ಇರ್ತದವ್ವಾ, ಅದು ಅವಕ್ಕ ವಿಷ" ಅಂದ್ರು.

ಈಗ ಅಗಲ ಬಾಯಿ ಮಣ್ಣಿನ ಗಡಿಗಿ ಇಟ್ಟೀನಿ, ನೀರು ತಣ್ಣಗಿರ್ತದ. ಹಿಡಿದ ತಗ್ಗಿನ ನೀರೇ ತುಂಬಿ, ನೆರಳಾಗ ಇಟ್ಟು, ಮ್ಯಾಲ ತೆಳ್ಳನ ತೋಯ್ದ ಬಟ್ಟಿ ಮುಚ್ತೀನಿ. ಹತ್ತರ ಮ್ಯಾಲ ಮೀನು ಹಾಕಂಗಿಲ್ಲ. ಸಾಬೂನು ಹತ್ತಿದ ಕೈ ಅದ್ದಂಗಿಲ್ಲ. ಮ್ಯಾಲ ಬಂದು ಬಾಯಿ ಬಾಯಿ ಬಿಟ್ರ ಉಸುರು ಸಾಲವಲ್ದು ಅಂತ ತಿಳ್ಕೋಬೇಕು. ಅದೇ ನೀರು ಚರಿಗೀಲೆ ಎತ್ತಿ ಎತ್ತರದಿಂದ ಸುರುವ್ತೀನಿ, ಗಾಳಿ ಕೂಡ್ತದ.

"ನಾಳೆ ಗಾಳಕ್ಕ ಹಾಕೋವಕ್ಕ ಇಷ್ಟ್ಯಾಕ ಜ್ವಾಕಿ, ಮಾವಾ?" ಅಂತ ಕೇಳಿದೆ ಒಮ್ಮೆ.

"ನಾಳೆ ಅವಕ್ಕ ತ್ರಾಸ ಕೊಡಾಂವ ನಾನೇ. ಇವತ್ತು ನಮ್ಮ ಮನ್ಯಾಗ ಅದಾವ" ಅಂದ್ರು.

ನನಗ ಪೂರಾ ಸಮಾಧಾನ ಆಗ್ಲಿಲ್ರಿ. ಆದ್ರೂ ಮಲಗೋ ಮುಂದ ಒಮ್ಮೆ ಗಡಿಗ್ಯಾಗ ಇಣುಕಿ ನೋಡೇ ಮಲಗ್ತೀನಿ.