‘ಸಾಧಿಸಿ’ ಅಂದರೆ ಏನು ಮಾಡಬೇಕು?

ಆದೋನಿ ಬಸ್ ನಿಲ್ದಾಣದಲ್ಲಿ ಕೌತಾಳಂ ಕಡೆಯ ಬಸ್ಸು ಏರಿ ಕಿಟಕಿ ಪಕ್ಕ ಕೂತುಕೊಳ್ಳಿ. ಫೆಬ್ರವರಿ ತಿಂಗಳು, ಹತ್ತು ಗಂಟೆಗೇ ಬಿಸಿಲು ಚುರುಗುಡುತ್ತಿದೆ. ಊರು ದಾಟಿದರೆ ಎರಿ ಹೊಲಗಳು, ಕಪ್ಪು ಮಣ್ಣು. ಹತ್ತಿ ಬಿಡಿಸಿ ಮುಗಿದಿದೆ, ಒಣಗಿದ ಕಡ್ಡಿ ಮಾತ್ರ ನಿಂತಿದೆ. ಅಂಗಡಿಯ ಬೋರ್ಡು ತೆಲುಗು, ಹಿಂದಿನ ಸೀಟಿನ ಜಗಳ ಕನ್ನಡ. ಹಳೆಯ ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಒಡೆದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಮನೆಮಾತು ಎಲ್ಲಿಗೂ ಹೋಗಲಿಲ್ಲ. ಅದಕ್ಕೇ ಈ ಸೀಮೆಯಲ್ಲಿ ಆಂಧ್ರದ ಹತ್ತನೇ ತರಗತಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಮಕ್ಕಳಿದ್ದಾರೆ.

ಬಸ್ಸಿಳಿದು ಅಂಥದೊಂದು ಸರ್ಕಾರಿ ಶಾಲೆಯ ಹಿಂದಿನ ಬೆಂಚಿನಲ್ಲಿ ಜಾಗ ಮಾಡಿಕೊಳ್ಳಿ. ಗಣಿತದ ಪುನರಾವರ್ತನೆ ನಡೆದಿದೆ. ಹಲಗೆಯ ಮೇಲೆ ಒಂದೇ ಸಾಲು: √5 ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸಿ. ನಿಮ್ಮ ಪಕ್ಕದ ಹುಡುಗ 2.236 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಪೆನ್ನಿನ ಕ್ಯಾಪು ಹಾಕಿಬಿಟ್ಟ. ಮೇಷ್ಟ್ರು ಬಂದು ಅವನ ನೋಟು ಎತ್ತಿಕೊಂಡರು.

“ಇದೇನಪ್ಪ, ಬೆಲೆ ಬರ್ದೀಯಲ್ಲ?”

“ಸಾಧಿಸಿ ಅಂದಾರಲ್ಲ, ಸಾರ್.”

“ಟ್ಯೂಷನ್ನು ತೆಲುಗಲ್ಲೇನು?”

ಹುಡುಗ ತಲೆಯಾಡಿಸಿದ. ಮೇಷ್ಟ್ರಿಗೆ ಗೊತ್ತಾಯಿತು. ನಿಮಗೆ ಗೊತ್ತಾಗಬೇಕಾದರೆ ಎರಡು ಭಾಷೆಯ ಗಣಿತದ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ತೆಲುಗಿನಲ್ಲಿ ಸಮೀಕರಣ ಕೊಟ್ಟು ‘ಸಾಧಿಂಚಂಡಿ’ ಎಂದರೆ ಬಿಡಿಸಿ ಉತ್ತರ ಕಂಡುಹಿಡಿಯಬೇಕು. ಕನ್ನಡದಲ್ಲಿ ‘ಸಾಧಿಸಿ’ ಎಂದರೆ ಹೆಜ್ಜೆಹೆಜ್ಜೆಗೆ ಕಾರಣ ಕೊಟ್ಟು ನಿಜವೆಂದು ತೋರಿಸಬೇಕು. ಆ ಕೆಲಸಕ್ಕೆ ತೆಲುಗಿನಲ್ಲಿರುವ ಮಾತು ‘ನಿರೂಪಿಂಚಂಡಿ’. ಕನ್ನಡದ ‘ನಿರೂಪಿಸಿ’ಯೋ ಪ್ರಮೇಯದ ಹೇಳಿಕೆಯನ್ನಷ್ಟೇ ಕೇಳುತ್ತದೆ. ಬೆಳಿಗ್ಗೆ ಕನ್ನಡ, ಸಂಜೆ ತೆಲುಗು ಕೇಳುವ ಹುಡುಗ ಒಂದು ಕಡೆ ಕೇಳದೇ ಇದ್ದದ್ದನ್ನು ಎರಡು ಪುಟ ಬರೆಯುತ್ತಾನೆ, ಇನ್ನೊಂದು ಕಡೆ ಕೇಳಿದ್ದನ್ನೇ ಬಿಡುತ್ತಾನೆ. ಅವನನ್ನು ದಡ್ಡ ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. √5 ಅನ್ನು ಸಾಮಾನ್ಯ ಅಪವರ್ತನವಿಲ್ಲದ a/b ಎಂದು ಇಟ್ಟುಕೊಂಡು, a ಮತ್ತು b ಎರಡಕ್ಕೂ 5 ಸಾಮಾನ್ಯ ಅಪವರ್ತನ ಎಂಬ ವಿರೋಧಾಭಾಸಕ್ಕೆ ಬರುವುದು ಅವನಿಗೆ ಗೊತ್ತು. ಮೇಷ್ಟ್ರು “ನಿಜ ಅಂತ ತೋರ್ಸು” ಎಂದ ಕೂಡಲೇ ತಡವರಿಸದೆ ಬರೆದ, ನೀವೇ ನೋಡುತ್ತಿದ್ದೀರಿ.

ಮುಂದಿನ ಪಿರಿಯಡ್ಡು ಸಮಾಜ. ಮೇಡಂ ಬಂದವರೇ ಕೇಳುತ್ತಾರೆ: “ಎರಿ ನೆಲ ಯಾರ್ಯಾರಿಗೈತೆ?” ಅರ್ಧ ತರಗತಿ ಕೈ ಎತ್ತುತ್ತದೆ. “ಮಸಾರಿ, ಕೆಂಪು ನೆಲ?” ಉಳಿದರ್ಧ. ಆಮೇಲೆ ಹಲಗೆಯ ಮೇಲೆ ಮೂರು ಪ್ರಶ್ನೆ. ಕಪ್ಪು ಮಣ್ಣಿನ ಲಕ್ಷಣಗಳನ್ನು ಪಟ್ಟಿ ಮಾಡಿ. ಕಪ್ಪು ಮಣ್ಣು ಹತ್ತಿಗೆ ಸೂಕ್ತ, ಕಾರಣ ಕೊಡಿ. ಕಪ್ಪು ಮಣ್ಣು, ಕೆಂಪು ಮಣ್ಣುಗಳನ್ನು ಹೋಲಿಸಿ.

ಮೂರಕ್ಕೂ ಮಕ್ಕಳು ಒಂದೇ ಉತ್ತರ ಬರೆಯಲು ಶುರು ಮಾಡಿದರು. ಮೇಡಂ ತಡೆದರು. ಪಟ್ಟಿ ಎಂದರೆ ಸಾಲಾಗಿ ಹೇಳಿದರೆ ಸಾಕು: ಜೇಡಿ ಹೆಚ್ಚು, ಬೇಸಿಗೆಯಲ್ಲಿ ಬಿರಿಯುತ್ತದೆ, ತೇವ ಹಿಡಿದಿಡುತ್ತದೆ. ಕಾರಣ ಎಂದರೆ ‘ಆದ್ದರಿಂದ’ ಬರಲೇಬೇಕು: ತೇವ ಬಹಳ ದಿನ ನಿಲ್ಲುತ್ತದೆ, ಆದ್ದರಿಂದ ಮಳೆ ನಿಂತ ಮೇಲೂ ಹತ್ತಿಯ ಬೇರಿಗೆ ನೀರು ಸಿಗುತ್ತದೆ. ಹೋಲಿಸಿ ಎಂದರೆ ಒಂದೊಂದು ಗುಣಕ್ಕೂ ಎರಡೂ ಮಣ್ಣನ್ನು ಎದುರುಬದುರು ನಿಲ್ಲಿಸಬೇಕು: ಎರಿಯಲ್ಲಿ ತೇವ ನಿಲ್ಲುತ್ತದೆ, ಮಸಾರಿಯಲ್ಲಿ ಬೇಗ ಬಸಿದು ಹೋಗುತ್ತದೆ. ಬೆಂಜಮಿನ್ ಬ್ಲೂಮ್ 1956ರಲ್ಲಿ ಕಲಿಕೆಯ ಗುರಿಗಳನ್ನು ಜ್ಞಾನದಿಂದ ಮೌಲ್ಯಮಾಪನದವರೆಗೆ ಮೆಟ್ಟಿಲಾಗಿ ಜೋಡಿಸಿದ್ದು ಬಿ.ಇಡಿ. ಪಾಠದಲ್ಲಿ ಬರುತ್ತದೆ. ಮೇಷ್ಟ್ರುಗಳು ಓದಿ ಪಾಸಾದ ಆ ಮೆಟ್ಟಿಲನ್ನು ಮಕ್ಕಳಿಗೆ ಆರನೇ ತರಗತಿಯಲ್ಲೇ ತೋರಿಸಬೇಕು. ಪರೀಕ್ಷೆ ಎದುರಿಗೆ ಬಂದಾಗ ತೋರಿಸಿದರೆ ತಡವಾಯಿತು.

“ಪರೀಕ್ಷೆಯಾಗ ಓದಾಕಂತನೇ ಹದಿನೈದು ನಿಮಿಷ ಕೊಡ್ತಾರ. ಪ್ರಶ್ನೆ ಕೊನೆ ಪದದ ಮ್ಯಾಲೆ ಬೆರಳಿಡ್ರಿ. ಏನ್ ಮಾಡಂತೈತೆ, ಅದನ್ನ ಮಾಡ್ರಿ,” ಎಂದು ಮೇಡಂ ನಾಲ್ಕನೆಯ ಪ್ರಶ್ನೆ ಬರೆಯುತ್ತಾರೆ. ಎಂಟು ಅಂಕದ್ದು: ನಿಮ್ಮ ಭಾಗದ ವಲಸೆಯ ಕಾರಣಗಳನ್ನು ವಿಶ್ಲೇಷಿಸಿ.

ತರಗತಿಯಲ್ಲಿ ಕೆಲವು ಜಾಗ ಖಾಲಿ. ಚಳಿಗಾಲದಿಂದ ಬೇಸಿಗೆವರೆಗೆ ಇಲ್ಲಿನ ಮನೆಮನೆಯವರು ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಎಷ್ಟೋ ಮಕ್ಕಳೂ ಜೊತೆಗೆ ಹೋಗಿಬಿಡುತ್ತಾರೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಅಜ್ಜಿಯ ಹತ್ತಿರ ಉಳಿದಿದ್ದಾಳೆ. ಅವಳು ಮೊದಲು ಮಳೆ ಇಲ್ಲ, ಕೂಲಿ ಇಲ್ಲ, ಸಾಲ ಎಂದು ಮೂರು ಸಾಲು ಬರೆದು ನಿಲ್ಲಿಸಿದಳು.

“ಪಟ್ಟಿ ಆತಲ್ಲಮ್ಮ. ಯಾವುದರಿಂದ ಯಾವುದು ಬಂತು?”

ಅವಳು ಹೊಸ ಹಾಳೆ ತಿರುವಿದಳು. ಮಳೆ ಕೈಕೊಟ್ಟರೆ ಹೊಲದಲ್ಲಿ ಕೆಲಸವಿಲ್ಲ. ಕೆಲಸವಿಲ್ಲದ ತಿಂಗಳು ಸಾಲ ಮಾಡುತ್ತಾರೆ. ಸಾಲ ತೀರಿಸಲು ಕೂಲಿ ಹೆಚ್ಚು ಸಿಗುವ ಊರಿಗೆ ಹೋಗುತ್ತಾರೆ. ಕಾಲುವೆ ನೀರು ಹತ್ತುವ ಹೊಲದವರು ಕಡಿಮೆ ಹೋಗುತ್ತಾರೆ, ಆದ್ದರಿಂದ ಮುಖ್ಯ ಕಾರಣ ನೀರು. ಎಂಟಕ್ಕೆ ಎಷ್ಟು ಕೊಡುತ್ತೀರಿ ಎಂದು ಮೇಡಂ ನಿಮ್ಮನ್ನೂ ಕೇಳುತ್ತಾರೆ. ನೀವು ಹೇಳುವುದರೊಳಗೆ ಅವಳು “ಇನ್ನೂ ಐತೆ, ಮೇಡಂ” ಎಂದು ಮುಂದಿನ ಸಾಲು ಶುರು ಮಾಡಿಬಿಟ್ಟಳು.