ಹುಡುಗಿ ಚಿಲಕ ಕೇಳಿದ್ಲು

ಹೋದ ಸಲ ಪುಂಡಿಪಲ್ಯದ ಬಗ್ಗೆ ಬರ್ದಾಗ ಭಾಳ ಮಂದಿ ಫೋನ್ ಮಾಡಿದ್ರಿ. ಈ ಸಲ ಅಡಗಿ ಮಾತಲ್ಲ. ಐದು ವರ್ಷದಿಂದ ಎದಿಯಾಗ ಇಟ್ಕೊಂಡಿದ್ದ ಮಾತು. ಆ ಹುಡುಗಿ ಈಗ ಕಾಲೇಜಿಗೆ ಹೋಗ್ತಾಳ. ಮೊನ್ನಿ ಆಕೀನ "ದೊಡ್ಡವ್ವ, ಬರಿ. ಯಾರಿಗರ ಉಪಯೋಗ ಆಗ್ತೈತಿ" ಅಂದ್ಲು. ಯಾರ ಮಗಳು, ಯಾವೂರು ಅಂತ ಮಾತ್ರ ಕೇಳಬ್ಯಾಡ್ರಿ. ಗುರುತು ಸಿಗಬಾರ್ದು ಅಂತ ತಟಗ ಬದ್ಲಿ ಮಾಡಿ ಬರ್ದೀನಿ.

ಆಗ ಆಕಿಗೆ 14 ವರ್ಷ. ಬ್ಯಾಸಿಗಿ ಸೂಟಿಗೆ ಸಿಂಧನೂರಿಗೆ ನಮ್ಮ ಮನಿಗೆ ಬಂದಿದ್ಲು. ಅಪ್ಪ ತೀರಿಕೊಂಡು ಮೂರು ವರ್ಷ ಆಗಿತ್ತು, ಅವ್ವಗ ಉಡಿಕಿ ಮಾಡಿ ಒಂದು ವರ್ಷ. ಉಡಿಕಿಗೆ ನಾವ ಎಲ್ಲಾರೂ ಮುಂದ ನಿಂತಿದ್ವಿ. ಸಣ್ಣ ವಯಸ್ಸು, ಎರಡು ಮಕ್ಕಳು, ಒಬ್ಬಾಕಿ ಹೆಂಗ ಬಾಳ್ಯೆ ಮಾಡ್ತಾಳ ಅಂತ. ಆತ ಕುಡಿಯಂಗಿಲ್ಲ, ಇಸ್ಪೀಟ್ ಆಡಂಗಿಲ್ಲ, ಕೈಯಾಗ ದುಡಿಮಿ ಐತಿ. ಇನ್ನೇನು ಬೇಕು ಅಂದಿದ್ವಿ.

ಒಂದಿನ ಇಬ್ರೂ ಬಜಾರಕ್ಕ ಹೋಗಿದ್ವಿ. ಹಾರ್ಡ್‌ವೇರ್ ಅಂಗಡಿ ಮುಂದ ಹುಡುಗಿ ನಿಂತುಬಿಟ್ಲು.

"ದೊಡ್ಡವ್ವ, ನನಗೊಂದು ಚಿಲಕ ಕೊಡಸ್ತಿ ಏನು?"

ಬಳಿ ಕೇಳೋ ವಯಸ್ಸಿನ ಹುಡುಗಿ ಚಿಲಕ ಕೇಳಿದ್ರ ನಗಿ ಬರ್ತೈತಿ. ನಕ್ಕೆ. ಯಾತಕ್ಕ ಅಂದೆ.

"ನಾ ಮಲಗೋ ಖೋಲಿ ಬಾಗಲಕ್ಕ. ಇದ್ದಿದ್ದು ಆತ ಬಿಚ್ಚಿ ತಗದಾನ."

"ಆತ ಅನ್ನಬಾರ್ದವ್ವ, ಅಪ್ಪ ಅನ್ನಬೇಕು."

ನೋಡ್ರಿ, ಅಷ್ಟು ದೊಡ್ಡ ಮಾತು ಹುಡುಗಿ ಹೇಳಿದ್ಲು. ನಾನು ಆಕಿ ಬಾಯಾಗಿಂದ ಒಂದು ಶಬ್ದ ತಿದ್ದಿದೆ, ಅಷ್ಟ.

ಅವತ್ತು ರಾತ್ರಿ ಮಾಳಗಿ ಮ್ಯಾಲೆ ಹಾಸಿಗಿ ಹಾಕ್ಕೊಂಡಾಗ ಮತ್ತ ಹೇಳಿದ್ಲು. ಅವ್ವ ಹೊಲಕ್ಕ ಹೋದಾಗ ಆತ ನಡುವ ಮನಿಗೆ ಬರ್ತಾನಂತ. ತಾನು ಜಳಕ ಮಾಡೋವಾಗ ಬಚ್ಚಲದ ಹಿಂದ ಹೆಜ್ಜಿ ಸಪ್ಪಳ ಕೇಳ್ತೈತಂತ. "ನನಗ ಅಂಜಿಕಿ ಬರ್ತೈತಿ ದೊಡ್ಡವ್ವ" ಅಂದ್ಲು. ಅದಕ್ಕ ನಾನು ನನ್ನ ಕತಿ ಹೇಳಿದೆ.

ನನ್ನ ಕತಿ ನಿಮಗ ಅರ್ಧ ಮಂದಿಗೆ ಗೊತ್ತೈತಿ. ನಮ್ಮವ್ವ ಸತ್ತಾಗ ನನಗ 9 ವರ್ಷ. ಅಪ್ಪ ಚಿಗವ್ವನ್ನ ತಂದ. ಓಣಿ ಮುದುಕೇರು "ಮಲತಾಯಿ ಬಂದ್ಲು, ಕೂಳಿನಾಗ ಏನರ ಹಾಕ್ತಾಳ, ನೋಡಿ ಉಣ್ಣು" ಅಂತ ಕಿವಿಯಾಗ ಊದಿದ್ರು. ನಾನು ಮೊದಲ ತುತ್ತು ಕೋಳಿಗೆ ಹಾಕಿ, ಅದು ಸಾಯ್ತೈತೇನು ಅಂತ ನೋಡಿ ಉಣ್ತಿದ್ದೆ. ಚಿಗವ್ವ ನಾಕು ದಿನ ನೋಡಿದ್ಲು. ಬೈಲಿಲ್ಲ, ಅಪ್ಪಗೂ ಹೇಳಲಿಲ್ಲ. ಐದನೇ ದಿನದಿಂದ ನನ್ನ ಗಂಗಾಳದಾಗಿನ ಮೊದಲ ತುತ್ತು ತಾನು ತಿಂದು ನನ್ನ ಮುಂದ ಇಡಾಕ ಹತ್ತಿದ್ಲು. ಹಿಂಗ ಒಂದು ವರ್ಷ. ನನ್ನ ಮದಿವ್ಯಾಗ ತನ್ನ ಕೊಳ್ಳಾಗಿನ ಬೋರಮಾಳ ತಗದು ನನಗ ಹಾಕಿದ್ಲು. ಇವತ್ತಿಗೂ ನೆನಸಿದ್ರ ಕಣ್ಣಾಗ ನೀರು ಬರ್ತಾವ.

ಪೇಪರಿನಾಗ ನಮ್ಮ ಕಲ್ಯಾಣ ಕರ್ನಾಟಕಕ್ಕ ರೊಕ್ಕ ಕಡಿಮಿ ಕೊಟ್ರ ಸಾಕು, "ಮಲತಾಯಿ ಧೋರಣೆ" ಅಂತ ಬರೀತಾರ. ಓದಿದಾಗೆಲ್ಲ ನಮ್ಮ ಚಿಗವ್ವನ ನೆನಸಿ ಸಿಟ್ಟು ಬರ್ತೈತಿ. ಮಲತಂದಿ ಧೋರಣೆ ಅಂತ ಯಾರೂ ಬರೆದಿದ್ದು ನಾ ಕಂಡಿಲ್ಲ.

ಈ ಕತಿ ಹೇಳಿ, "ನಿನಗೂ ಹಂಗ ಅನಸಾಕ ಹತ್ತೈತಿ. ಒಂದು ವರ್ಷ ತಡಿ, ಎಲ್ಲಾ ಸರಿ ಆಗ್ತೈತಿ" ಅಂದೆ. ಹುಡುಗಿ "ಹೂಂ" ಅಂದು ಆ ಕಡಿ ಹೊಳ್ಳಿ ಮಲಗಿದ್ಲು. ಮತ್ತ ಆ ಮಾತು ತಗಿಲಿಲ್ಲ. ಚಿಲಕ ಕೊಡಸಲಿಲ್ಲ, ಊರಿಗೆ ಕಳಿಸಿದೆ.

ನನ್ನ ಅಂಜಿಕಿ ಮಂದಿ ಬಾಯಿಂದ ಬಂದಿತ್ತು. ಆಕಿ ಅಂಜಿಕಿ ಆಕಿ ಕಣ್ಣಿಂದ ಬಂದಿತ್ತು. ಎರಡೂ ಒಂದ ಅಲ್ಲ ಅಂತ ನನಗ ಅವತ್ತು ಹೊಳಿಲಿಲ್ಲ.

ಸಾಲಿ ಸುರು ಆಗಿ ಎರಡು ತಿಂಗಳಾಗಿತ್ತು. ಅವರವ್ವ ಫೋನಿನಾಗ ಅದು ಇದು ಮಾತಾಡ್ತಾ, "ಈ ಹುಡುಗಿಗೆ ಏನು ಹುಚ್ಚು ಹಿಡದೈತ್ಯೋ ಅಕ್ಕ, ದಿನಾ ರಾತ್ರಿ ಬಾಗಲದ ಹಿಂದ ತಾಮ್ರದ ಕೊಡ, ಅದರ ಮ್ಯಾಲೆ ಗಂಗಾಳ ಇಟ್ಟು ಮಲಗ್ತಾಳ" ಅಂತ ನಕ್ಕಳು. ನನಗ ನಗು ಬರಲಿಲ್ಲ. ಕೈಕಾಲು ತಣ್ಣಗಾದ್ವು. ಚಿಲಕ ಸಿಗಲಾರದ್ದಕ್ಕ ಹುಡುಗಿ ಕೊಡ ಇಟ್ಕೊಂಡಿದ್ಲು.

ಮರುದಿನ ಯಜಮಾನ್ರಿಗೆ ರೊಟ್ಟಿ ಬಡದಿಟ್ಟು ಲಿಂಗಸುಗೂರು ಬಸ್ ಹತ್ತಿದೆ. ಮಸ್ಕಿ ಬಂತು, ಗುಡ್ಡದ ಮಲ್ಲಯ್ಯಗ ಕುಂತಲ್ಲಿಂದನ ಕೈ ಮುಗದೆ. ತಡ ಆಗಿರಬಾರ್ದಪ್ಪ ಅಂತ ಅಷ್ಟ ಬೇಡ್ಕೊಂಡೆ.

ಅವರ ಮನಿಗೆ ಹೋದಾಕೀನ ಮೊದಲು ಆ ಬಾಗಲ ನೋಡಿದೆ. ಚಿಲಕ ಇದ್ದ ಜಾಗದಾಗ ನಾಕು ಸ್ಕ್ರೂ ತೂತು. ಮುರಿದಿದ್ದಲ್ಲ, ಬೇಸಾಗಿ ಬಿಚ್ಚಿದ್ದು. ತೂತಿನಾಗ ಸಬಕಾರ ತುಂಬಿತ್ತು. ಯಾರಿಗೂ ಏನೂ ಕೇಳಲಿಲ್ಲ. ನಡ ನೋವು ಅಂತ ನೆವ ಹೇಳಿ ರಾತ್ರಿ ಹುಡುಗಿ ಖೋಲ್ಯಾಗ ಮಲಗಿದೆ. ನಾ ಅಲ್ಲಿ ಮಲಗೀನಿ ಅಂತ ಆತಗ ಗೊತ್ತಿರಲಿಲ್ಲ, ತಡವಾಗಿ ಬಂದಿದ್ದ.

ಒಂದು ಗಂಟಿ ಆಗಿರಬೇಕು. ಗಂಗಾಳ ಬಿದ್ದು ಮನಿ ತುಂಬ ಸಪ್ಪಳಾತು. ಎದ್ದು ಲೈಟ್ ಹಾಕಿದೆ. ಆತ ಬಾಗಲದಾಗ ನಿಂತಿದ್ದ. ನನ್ನ ನೋಡಿ ಮುಖ ಬಿಳಚಿತು. "ನೀರು ಕುಡಿಯಾಕ ಬಂದಿದ್ದೆ" ಅಂದ. ನೀರಿನ ಗಡಿಗಿ ಇರೋದು ಆ ಕಡಿ ಅಡಗಿ ಮನ್ಯಾಗ. ಹುಡುಗಿ ನನ್ನ ಸೆರಗು ಗಟ್ಟಿ ಹಿಡಕೊಂಡಿದ್ಲು. ಎಚ್ಚರಾಗೇ ಇದ್ಲು. ಎಷ್ಟು ರಾತ್ರಿ ಹಂಗ ಎಚ್ಚರಿದ್ಲೋ.

ಬೆಳಿಗ್ಗೆ ಮೊದಲನೇ ಬಸ್ಸಿಗೆ ಕರಕೊಂಡು ಬಂದೆ. ಅವರವ್ವ "ಒಂದು ಸಲ ಮುರದ ಸಂಸಾರ, ಮತ್ತ ಮುರಿಯಾಕ ಬಂದೀ ಏನು? ಏನು ಸಾಕ್ಷಿ ಐತಿ?" ಅಂತ ಬಾಗಲದಾಗ ನಿಂತು ಅತ್ಲು. ಸಾಕ್ಷಿ ನನ್ನ ಕಡಿ ಇರಲಿಲ್ಲ. ಹುಡುಗಿ ಅಂಜಿಕಿ ಒಂದ ಇತ್ತು.

ಬಸ್ಸಿನಾಗ ನನಗ ನಮ್ಮಜ್ಜಿ ಹೇಳ್ತಿದ್ದ ಕುಮಾರರಾಮನ ಕತಿ ನೆನಪಾತು. ಗಂಗಾವತಿ ಕಡಿ ಕುಮ್ಮಟದುರ್ಗ ಐತಲ್ಲ, ಅಲ್ಲಿ ರಾಜಕುಮಾರ. ಅಪ್ಪ ಕಂಪಿಲರಾಯ ಸಣ್ಣ ಹೆಂಡ್ತಿ ರತ್ನಾಜಿನ್ನ ತಂದ. ಹುಡುಗ ಚಂಡು ಹುಡಿಕ್ಕೋತ ಆಕಿ ಅರಮನಿಗೆ ಹೋದಾಗ ಆಕಿ ಕೆಟ್ಟ ಮನಸ್ಸಿನಿಂದ ಕೈ ಹಿಡದ್ಲು. ನೀ ನನಗ ತಾಯಿ ಅಂದು ಬಿಡಿಸ್ಕೊಂಡು ಹೋದ. ಆಕಿ ಉಲ್ಟಾ ದೂರು ಹೇಳಿದ್ಲು. ಅಪ್ಪ ಮಗನ್ನ ಒಂದು ಮಾತೂ ಕೇಳಲಿಲ್ಲ, ತಲಿ ಕಡೀರಿ ಅಂದ. ಮಂತ್ರಿ ಬೈಚಪ್ಪ ಮಾತ್ರ ಹುಡುಗನ್ನ ನೆಲಮನ್ಯಾಗ ಬಚ್ಚಿಟ್ಟ. ಮುಂದ ದಿಲ್ಲಿ ದಂಡು ಬಂದಾಗ ಊರು ಕಾಯಾಕ ಅದ ರಾಮನ ಬೇಕಾದ. ಸಣ್ಣಾಕಿದ್ದಾಗ ಕುಮಾರರಾಮನ ಶೂರತನ ಕೇಳಿ ಖುಷಿಪಡ್ತಿದ್ವಿ. ಅವತ್ತು ಬಸ್ಸಿನಾಗ ಬೈಚಪ್ಪ ದೊಡ್ಡಾವ ಅನಿಸಿದ. ನ್ಯಾಯ ಆಮ್ಯಾಲೆ, ಮೊದಲು ಕೂಸು ಉಳೀಲಿ ಅಂದಾವ ಆತ.

ನಮ್ಮ ಓಣಿ ಅಂಗನವಾಡಿ ಟೀಚರ್ 1098ಕ್ಕ ಫೋನ್ ಮಾಡು ಅಂದ್ರು. ಅದು ಮಕ್ಕಳ ಸಹಾಯವಾಣಿ, ರೊಕ್ಕ ಬೀಳಂಗಿಲ್ಲ, ಹಗಲು ರಾತ್ರಿ ಯಾವಾಗರ ಮಾಡಬಹುದು. ಮಾಡಿದೆ, ಬಂದ್ರು. ಆಮ್ಯಾಲೆ ತಿಳಿದಿದ್ದು ನಿಮಗೂ ಹೇಳ್ತೀನಿ, ಬರ್ದಿಟ್ಕೋರಿ.

2012ರ ಪೋಕ್ಸೋ ಕಾನೂನು 18 ವರ್ಷದ ಒಳಗಿನ ಎಲ್ಲಾ ಮಕ್ಕಳಿಗೂ ಐತಿ, ಗಂಡುಹುಡುಗರಿಗೂ. ಮೈ ಮುಟ್ಟಿದ್ರ ಅಷ್ಟ ಅಲ್ಲ, ಕೆಟ್ಟ ಮನಸ್ಸಿನಿಂದ ಹಿಂದ ಹಿಂದ ತಿರಗಿ ನೋಡಿದ್ರೂ ಅಪರಾಧ. ಮಕ್ಕಳ ಜೊತಿ ಒಂದ ಮನ್ಯಾಗ ಇರಾವ, ತಾಯಿ ಗಂಡ, ಇಂಥಾರು ಮೈ ಮ್ಯಾಲೆ ಕೈ ಹಾಕಿದ್ರ ಶಿಕ್ಷೆ ಇನ್ನೂ ಜಾಸ್ತಿ. ಹಿಂಗ ಆಗೈತಿ ಅಂತ ಗೊತ್ತಾದ್ರ, ಆಗಬಹುದು ಅಂತ ಅಂಜಿಕಿ ಬಂದ್ರನೂ ಪೊಲೀಸರಿಗೆ ಹೇಳಬೇಕು. ಒಳ್ಳೇ ಮನಸ್ಸಿನಿಂದ ಹೇಳಿದಾರ ಮ್ಯಾಲೆ ಕೇಸ್ ಹಾಕಂಗಿಲ್ಲ. ಹುಡುಗಿನ್ನ ಸ್ಟೇಷನ್ನಿಗೆ ಎಳಿಬೇಕಾಗಿಲ್ಲ. ಮಗು ಇದ್ದಲ್ಲೇ, ಯೂನಿಫಾರ್ಮ್ ಇಲ್ಲದ, ಆದಷ್ಟು ಹೆಣ್ಣು ಅಧಿಕಾರಿನ ಬಂದು ಹೇಳಿಕಿ ಬರ್ಕೋಬೇಕು. ಹೆಸರು ಪೇಪರಿನಾಗ ಹಾಕಂಗಿಲ್ಲ. ಮಾನ ಹೋಗ್ತೈತಿ ಅಂತ ಅಂಜೋರಿಗೆ ಇದು ಗೊತ್ತಿರ್ಲಿ.

ನಮ್ಮ ಮನಿ ಪಡಸಾಲ್ಯಾಗ, ಸೀರಿ ಉಟ್ಕೊಂಡು ಬಂದ ಪೊಲೀಸ್ ಮೇಡಂ ಮುಂದ ಹುಡುಗಿ ಹೇಳಿದ್ದನ್ನ ನಾ ಬರ್ಯಂಗಿಲ್ಲ. ಅದು ಆಕಿದು. ಮುಂದಿನದು ಕೋರ್ಟಿನ ಮಾತು.

ಅವರವ್ವ ಎಂಟು ತಿಂಗಳು ನನ್ನ ಕೂಡ ಮಾತು ಬಿಟ್ಟಿದ್ಲು. ನಾನೂ ಆಕಿ ಮ್ಯಾಲೆ ಸಿಟ್ಟು ಮಾಡಲಿಲ್ಲ. ಎರಡನೇ ಸಲನೂ ಬಾಳ್ಯೆ ಮುಳುಗ್ತು ಅಂತ ಒಪ್ಪಿಕೊಳ್ಳಾಕ ಯಾವ ಹೆಣ್ಣಿಗೆ ಮನಸ್ಸು ಬರ್ತೈತಿ? ನಾವ ನೋಡಿ ಕೊಟ್ಟ ಗಂಡು ಬ್ಯಾರೆ. ಉಗಾದಿ ಮುಂದ ಸಣ್ಣ ಮಗನ್ನ ಕರಕೊಂಡು, ಎರಡು ಚೀಲ ಹಿಡಕೊಂಡು ಬಂದ್ಲು. ಅಡಗಿ ಮನ್ಯಾಗ ಕುಂತು ಸುಮ್ನ ಹಿಟ್ಟು ನಾದಿದ್ಲು. ಭಾಳ ಹೊತ್ತಾದ ಮ್ಯಾಲೆ, "ಅಕ್ಕ, ಕೊಡ ನೋಡಿದಾಗರ ನನಗ ತಿಳಿಬೇಕಿತ್ತು" ಅಂದ್ಲು.

"ಚಿಲಕ ಕೇಳಿದಾಗ ನನಗ ತಿಳಿಬೇಕಿತ್ತವ್ವ" ಅಂದೆ.

ಎಲ್ಲಾ ಮಲತಂದೇರೂ ಹಿಂಗ ಇರ್ತಾರ ಅಂತ ನಾ ಹೇಳಾಕ ಹತ್ತಿಲ್ಲ. ಹಂಗ ಅಂದ್ರ ನಮ್ಮ ಚಿಗವ್ವನ ಋಣ ನನಗ ತಟ್ಟತೈತಿ. ಉಡಿಕಿ ಮಾಡಬ್ಯಾಡ್ರಿ ಅಂತನೂ ಅಲ್ಲ. ಮಾಡಿ ಕೊಟ್ಟ ಮ್ಯಾಲೆ ಮಕ್ಕಳನ್ನ ಒಂದು ಕಣ್ಣು ನೋಡ್ಕೋತ ಇರ್ರಿ. ಒಂದು ಕೂಸು ಬಂದು ಅಂಜಿಕಿ ಬರ್ತೈತಿ ಅಂದ್ರ ನಿಮ್ಮ ಕತಿ ಹೇಳಬ್ಯಾಡ್ರಿ. ಏನಾತು, ಯಾವಾಗ, ನೀ ಏನು ನೋಡಿದಿ ಅಂತ ಕೇಳ್ರಿ. ಆಕಿ ತಪ್ಪು ತಿಳ್ಕೊಂಡಿದ್ರ ನಾಕು ದಿನ ನಿಮ್ಮ ಮನ್ಯಾಗ ರೊಟ್ಟಿ ಉಂಡು ಹೋಗ್ತಾಳ, ಅಷ್ಟ.

ಮತ್ತ ಯಾವ ಹುಡುಗಿಯರ ಚಿಲಕ ಕೇಳಿದ್ರ, ಮೊದಲು ಕೊಡಸ್ರಿ. ಆಮ್ಯಾಲೆ ಬಾಜೂಕ ಕುಂದರ್ಸಿಕೊಂಡು ಯಾತಕ್ಕ ಅಂತ ಕೇಳ್ರಿ.