ಕೆಂಪು ಬಂಡೆಯೂ ಜೀಪಿನ ಗಾಲಿಯೂ

ಕುದುರೆ ಕಾಲೂರಲಾರದ ಬಂಡೆಯನ್ನು ಜೀಪು ಹತ್ತುತ್ತದೆಯೆಂದರೆ ಕೇಳಿದವರು ನಕ್ಕಾರು. ಆದರೆ ಅಮೆರಿಕದ ಯೂಟಾ ಸಂಸ್ಥಾನದ ಮೋಆಬ್ ಎಂಬ ಪುಟ್ಟ ಪಟ್ಟಣದ ಸುತ್ತಮುತ್ತ ಇದು ದಿನನಿತ್ಯದ ನೋಟ. ಮೊದಮೊದಲು ಅಲ್ಲಿಗೆ ವಲಸೆ ಬಂದವರ ಕುದುರೆಗಳ ಕಬ್ಬಿಣದ ಲಾಳಗಳು ಆ ಮರಳುಗಲ್ಲಿನ ಇಳುಕಲಿನಲ್ಲಿ ನಿಲ್ಲದೆ ಜಾರಿದವು. ಅದರಿಂದಲೇ ಆ ಕಲ್ಲಿಗೆ 'ಸ್ಲಿಕ್‌ರಾಕ್', ಎಂದರೆ ಜಾರುಬಂಡೆ, ಎಂಬ ಹೆಸರು ನಿಂತಿತು. ಕಬ್ಬಿಣವನ್ನು ಜಾರಿಸುವ ಈ ಕಲ್ಲು ರಬ್ಬರಿಗೆ ಮಾತ್ರ ಬಡಗಿಯ ಉಪ್ಪುಕಾಗದದಂತೆ ಅಂಟಿಕೊಳ್ಳುತ್ತದೆ. ಲಾಳಕ್ಕೆ ಸೋಲದ ಬಂಡೆ ಟೈರಿಗೆ ಸೋತಿದೆ.

ಮೋಆಬ್ ಕೊಲೊರಾಡೊ ನದಿಯ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ ಸುಮಾರು 4,000 ಅಡಿ ಎತ್ತರದಲ್ಲಿದೆ. 2020ರ ಗಣತಿಯಂತೆ ಅಲ್ಲಿನ ಜನಸಂಖ್ಯೆ ಐದು ಸಾವಿರಕ್ಕೆ ತುಸು ಮೇಲೆ. ಊರಿನ ಸುತ್ತ ಕಾವಿ ಬಳಿದಂಥ ಕಡಿದಾದ ಗೋಡೆಗಳು. ಆಗ್ನೇಯಕ್ಕೆ 12,700 ಅಡಿಗೂ ಮಿಕ್ಕಿ ಎದ್ದುನಿಂತ ಲಾ ಸಾಲ್ ಪರ್ವತಗಳ ಹಿಮದ ತಲೆ. ಊರಿನ ಮೇಲ್ಗಡೆ ಹಬ್ಬಿರುವ ಬಂಡೆಗಳು ಹತ್ತೊಂಬತ್ತು ಕೋಟಿ ವರ್ಷಗಳಷ್ಟು ಹಿಂದೆ ಗಾಳಿಗೆ ಅಲೆಯುತ್ತಿದ್ದ ಮರಳುದಿಬ್ಬಗಳು. ಅವು ಅಲೆಯುವ ಭಂಗಿಯಲ್ಲೇ ಕಲ್ಲಾಗಿವೆ. ಮೀನಿನ ಬೆನ್ನಿನಂತೆ ಕಿರಿದಾದ, ಎರಡೂ ಪಕ್ಕ ಆಳಕ್ಕೆ ಇಳಿದ ಆ ಏಣುಗಳ ಮೇಲೆ ಇಂದು ಜೀಪುಗಳು ಹರಿಯುತ್ತವೆ.

ಈ ಮರುಭೂಮಿಗೆ ಜೀಪನ್ನು ತಂದದ್ದು ವಿನೋದವಲ್ಲ, ಯುರೇನಿಯಂ. 1952ರಲ್ಲಿ ಚಾರ್ಲಿ ಸ್ಟೀನ್ ಎಂಬ ಭೂಗರ್ಭಶಾಸ್ತ್ರಜ್ಞ ಮೋಆಬಿನ ಆಗ್ನೇಯದಲ್ಲಿ ಶ್ರೀಮಂತವಾದ ಯುರೇನಿಯಂ ನಿಕ್ಷೇಪವೊಂದನ್ನು ಕಂಡನು. ಸುದ್ದಿ ಹಬ್ಬಿದ್ದೇ ತಡ, ಅದೃಷ್ಟ ಹುಡುಕುವವರು ಮಹಾಯುದ್ಧದಲ್ಲಿ ಮಿಕ್ಕುಳಿದ ಜೀಪುಗಳನ್ನೇರಿ ಸಾಲುಗಟ್ಟಿ ಬಂದರು. ಅದಿರಿನ ಭರಾಟೆ ಇಳಿಯಿತು, ಅವರು ಕಡಿದ ಹಾದಿಗಳು ಉಳಿದವು. 1967ರಲ್ಲಿ ಊರಿನ ವಾಣಿಜ್ಯ ಮಂಡಲಿ ಒಂದು ದಿನದ ಜೀಪು ಯಾತ್ರೆಯನ್ನು ಏರ್ಪಡಿಸಿತು. 'ಈಸ್ಟರ್ ಜೀಪ್ ಸಫಾರಿ' ಎಂಬ ಆ ಯಾತ್ರೆ ಬೆಳೆದು ಇಂದು ಒಂಬತ್ತು ದಿನಗಳ ಜಾತ್ರೆಯಾಗಿದೆ. ನಮ್ಮ ಜಾತ್ರೆಗಳಲ್ಲಿ ಎತ್ತುಗಳ ಕೊಂಬು, ಹಲ್ಲು, ಸುಳಿ ನೋಡುವ ರೈತರಂತೆ ಅಲ್ಲಿ ಜನ ಒಬ್ಬರ ಜೀಪಿನ ಅಡಿಗೆ ಇನ್ನೊಬ್ಬರು ಬಗ್ಗಿ ನೋಡುತ್ತಾರೆ.

ಎತ್ತರದ ಭ್ರಮೆ

ಹೀಗೆ ಬಗ್ಗಿ ನೋಡಿದವರಿಗೆ ಮೊದಲು ಕಾಣುವುದು 'ಲಿಫ್ಟ್'. ಉದ್ದನೆಯ ಸ್ಪ್ರಿಂಗುಗಳನ್ನು ಹಾಕಿ ಜೀಪಿನ ಮೈಯನ್ನು ಎರಡೂವರೆ ಅಂಗುಲ ಮೇಲೆತ್ತುವುದು ಸಾಮಾನ್ಯ ರೂಢಿ. ಹೀಗೆ ಎತ್ತಿದ ಕೂಡಲೆ ಇಡೀ ವಾಹನವೇ ನೆಲದಿಂದ ಎರಡೂವರೆ ಅಂಗುಲ ಮೇಲೆದ್ದಿತೆಂದು ಹೊಸಬರು ಹಿಗ್ಗುವುದುಂಟು. ನಿಜವಾಗಿ ಎದ್ದದ್ದು ಸ್ಪ್ರಿಂಗಿನ ಮೇಲಿನ ಭಾಗ ಮಾತ್ರ. ಗಾಲಿಗಳನ್ನು ಹೊತ್ತ ಅಚ್ಚು ಮೊದಲಿದ್ದ ಎತ್ತರದಲ್ಲೇ ಇರುತ್ತದೆ. ಬಂಡೆಗೆ ಮೊದಲು ತಾಗುವುದು ಅಚ್ಚಿನ ನಡುವೆ ಗಡ್ಡೆಯಂತೆ ಜೋತಿರುವ ಡಿಫರೆನ್ಷಿಯಲ್ ಪೆಟ್ಟಿಗೆಯೇ. ಅದನ್ನು ಮೇಲೆತ್ತಬಲ್ಲದ್ದು ದೊಡ್ಡ ಟೈರೊಂದೇ. ಅದೂ ಅರ್ಧ ಲೆಕ್ಕದಲ್ಲಿ: ಟೈರಿನ ವ್ಯಾಸ ಎರಡು ಅಂಗುಲ ಬೆಳೆದರೆ ಅಚ್ಚು ಏರುವುದು ಒಂದೇ ಅಂಗುಲ.

2007ರಿಂದ 2018ರವರೆಗಿನ ಮಾದರಿಯ ಜೀಪ್ ರ‍್ಯಾಂಗ್ಲರ್ ರೂಬಿಕಾನನ್ನು ತೆಗೆದುಕೊಳ್ಳಬಹುದು. ಕಾರ್ಖಾನೆಯಿಂದ ಅದು 255/75ಆರ್17 ಎಂಬ ಟೈರಿನೊಡನೆ ಬಂದಿತು. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲಕ್ಕೆ ಪಕ್ಕದ ಗೋಡೆಯ ಎತ್ತರ ಶೇಕಡ ಎಷ್ಟೆಂಬುದು. ಕೊನೆಯದು ರಿಮ್ಮಿನ ವ್ಯಾಸ, ಅಂಗುಲದಲ್ಲಿ. ಗುಣಿಸಿ ಕೂಡಿದರೆ ಟೈರಿನ ವ್ಯಾಸ ಸುಮಾರು 32 ಅಂಗುಲ. ಜಾತ್ರೆಯಲ್ಲಿ ಎಲ್ಲರ ಕಣ್ಣು ಹೋಗುವುದು 315/70ಆರ್17ರ ಮೇಲೆ. ಜನರ ಬಾಯಲ್ಲಿ ಅದು 'ಮೂವತ್ತೈದು'. ಲೆಕ್ಕದಲ್ಲಿ ಅದರ ವ್ಯಾಸ 34.4 ಅಂಗುಲ.

ಅಲ್ಲೇ ತೊಡಕು. ಜೀಪನ್ನು ಎತ್ತಿಸಿ ಕೈ ಬರಿದಾದವನು ರಿಮ್ಮುಗಳಾದರೂ ಹಳೆಯವೇ ಇರಲಿ ಎನ್ನುವುದು ನ್ಯಾಯವೇ. ಆದರೆ ಕಾರ್ಖಾನೆಯ ಆ ರಿಮ್ಮು ಏಳೂವರೆ ಅಂಗುಲ ಅಗಲದ್ದು. 315ರ ಟೈರಿಗೆ ತಯಾರಕರ ಪಟ್ಟಿ ಕೇಳುವುದು ಕನಿಷ್ಠ ಎಂಟು ಅಂಗುಲ. ಕಿರಿದಾದ ರಿಮ್ಮಿನ ಮೇಲೆ ಅಗಲವಾದ ಟೈರು ಬಿಗಿದರೆ ಅದರ ನಡು ಉಬ್ಬಿ, ಅಂಚುಗಳಿಗಿಂತ ಮೊದಲು ನಡುವೆಯೇ ಸವೆಯುತ್ತದೆ.

ಇನ್ನೊಂದು ತೊಡಕು ಕಣ್ಣಿಗೆ ಬೀಳದ್ದು. ಕಾರ್ಖಾನೆಯ ರಿಮ್ಮು ಅಚ್ಚಿನ ತುದಿಯಿಂದ ಒಳಮುಖವಾಗಿ ಬಹಳ ಆಳಕ್ಕೆ ಕೂರುತ್ತದೆ. ಅದರ ಮೇಲೆ ಟೈರು 60 ಮಿಲಿಮೀಟರು ಅಗಲವಾದರೆ 30 ಹೊರಕ್ಕೆ, 30 ಒಳಕ್ಕೆ. ನೇರ ಹಾದಿಯಲ್ಲಿ ಏನೂ ತಿಳಿಯುವುದಿಲ್ಲ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರಿನ ಒಳಬದಿ ಅಚ್ಚನ್ನು ಚೌಕಟ್ಟಿಗೆ ಹಿಡಿದಿರುವ ಉಕ್ಕಿನ ತೋಳಿಗೋ, ವಾಹನ ಓಲಾಡದಂತೆ ತಡೆಯುವ ಕಂಬಿಗೋ ಉಜ್ಜುತ್ತದೆ. ಲಿಫ್ಟು ತಲೆಯ ಮೇಲೆ ಜಾಗ ಕೊಡುತ್ತದೆಯೇ ಹೊರತು ಪಕ್ಕೆಯಲ್ಲಿ ಕೊಡುವುದಿಲ್ಲ. ಟೈರಿನ ಪಕ್ಕದ ಗೋಡೆಯೇ ಅದರ ಮರ್ಮಸ್ಥಾನ, ಉಜ್ಜುವುದೂ ಅಲ್ಲೇ.

ಮೂಗುತಿಯ ಭಾರ

ಪರಿಹಾರಗಳಿಲ್ಲವೆಂದಲ್ಲ. ಗಾಲಿ ತಿರುಗುವ ಮಿತಿಯ ತಡೆಬೋಲ್ಟಿಗೆ ವಾಷರು ಸೇರಿಸಿದರೆ ಉಜ್ಜುವುದು ನಿಲ್ಲುತ್ತದೆ. ಆದರೆ ಇಕ್ಕಟ್ಟಿನ ತಿರುವಿನಲ್ಲಿ ಜೀಪು ಮೊದಲಿನಷ್ಟು ತಿರುಗುವುದಿಲ್ಲ. ಅಚ್ಚಿಗೂ ರಿಮ್ಮಿಗೂ ನಡುವೆ ದಪ್ಪನೆಯ ಅಲ್ಯೂಮಿನಿಯಂ ಬಿಲ್ಲೆ ಇಟ್ಟು ಗಾಲಿಯನ್ನು ಹೊರದೂಡಬಹುದು. ಆಗ ಬೇರಿಂಗುಗಳ ಮೇಲೆ ಭಾರ ಹೆಚ್ಚುತ್ತದೆ, ಬೋಲ್ಟುಗಳ ಬಿಗಿಯನ್ನು ಅಳೆದು ಕೂರಿಸಿ, ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೆ ನೋಡಬೇಕಾಗುತ್ತದೆ. ವೇಗಮಾಪಕವೂ ಸುಳ್ಳು ಹೇಳತೊಡಗುತ್ತದೆ: ಗಂಟೆಗೆ 60 ಮೈಲಿಯೆಂದು ಮುಳ್ಳು ತೋರಿಸುವಾಗ ಗಾಡಿ ಓಡುತ್ತಿರುವುದು 64 ಮೈಲಿಯ ವೇಗದಲ್ಲಿ. ಭಾರವಾದ ಗಾಲಿಯನ್ನು ಉರುಳಿಸಲು ಎಂಜಿನ್ನು, ನಿಲ್ಲಿಸಲು ಬ್ರೇಕು, ಹಿಂಬಾಗಿಲಲ್ಲಿ ಸ್ಟೆಪ್ನಿಯನ್ನು ಹೊರಲು ತಿರುಗಣೆ, ಎಲ್ಲವೂ ಹೆಚ್ಚು ದುಡಿಯಬೇಕು. ಮೂಗಿಗಿಂತ ಮೂಗುತಿ ಭಾರವಾಯಿತೆಂಬುದು ಇದನ್ನೇ.

ಇದಕ್ಕೆ ಬದಲು 285/75ಆರ್17 ಎಂಬ ಟೈರೊಂದಿದೆ. ವ್ಯಾಸ ಸುಮಾರು 33.8 ಅಂಗುಲ. ಏಳೂವರೆ ಅಂಗುಲದ ರಿಮ್ಮನ್ನು ಅದು ಒಪ್ಪುತ್ತದೆ. ಒಳಕ್ಕೆ ಚಾಚುವುದು 15 ಮಿಲಿಮೀಟರು ಮಾತ್ರ. ಕಾರ್ಖಾನೆಯ ಟೈರಿಗಿಂತ ಅಚ್ಚನ್ನು 22 ಮಿಲಿಮೀಟರಿಗೂ ತುಸು ಹೆಚ್ಚು ಎತ್ತುತ್ತದೆ. ಹೆಸರುವಾಸಿಯಾದ 'ಮೂವತ್ತೈದು' ಎತ್ತುವುದು 29. ಎರಡಕ್ಕೂ ನಡುವಣ ಅಂತರ ಏಳು ಮಿಲಿಮೀಟರಿಗೂ ಕಡಮೆ. ಕಿರುಬೆರಳಿನ ಅಗಲವೂ ಇಲ್ಲ. ಅಷ್ಟಕ್ಕಾಗಿ ರಿಮ್ಮು, ತಿರುವು, ಬ್ರೇಕು ಎಲ್ಲವನ್ನೂ ಇಕ್ಕಟ್ಟಿಗೆ ಸಿಕ್ಕಿಸಬೇಕೇ ಎಂಬುದು ವಿವೇಕಿಯ ಪ್ರಶ್ನೆ.

ಯಾವ ಟೈರನ್ನೇ ಆರಿಸಲಿ, ಬಲ್ಲವರು ಒಂದು ಪರೀಕ್ಷೆಯನ್ನು ಬಿಡುವುದಿಲ್ಲ. ಒಂದು ಗಾಲಿಯನ್ನು ಇಳುಕಲು ದಿಮ್ಮಿಯ ಮೇಲೆ ಹತ್ತಿಸಿ, ಸ್ಪ್ರಿಂಗು ಪೂರ್ತಿ ಅದುಮಿದ ಸ್ಥಿತಿಯಲ್ಲಿ ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ನೋಡುತ್ತಾರೆ. ಸಮನೆಲದಲ್ಲಿ ನಿಂತ ಜೀಪಿನ ಮಡ್‌ಗಾರ್ಡಿನ ಕೆಳಗೆ ಕಾಣುವ ತೆರಪು ಬಂಡೆಯ ಮೇಲೆ ಇರುವುದಿಲ್ಲ. ತಾಗುವುದಿದ್ದರೆ ಅಂಗಡಿಯ ಅಂಗಳದಲ್ಲೇ ತಾಗಲಿ.

ಹಾದಿಯ ಮೇಲೆ

ಊರಿನ ಪೂರ್ವಕ್ಕೆ ಸ್ಯಾಂಡ್ ಫ್ಲ್ಯಾಟ್ಸ್ ಎಂಬಲ್ಲಿ 'ಹೆಲ್ಸ್ ರಿವೆಂಜ್' ಎಂಬ ಹಾದಿಯಿದೆ. 'ನರಕದ ಸೇಡು' ಎಂದರ್ಥ. ಬಂಡೆಯ ಮೇಲೆ ಬಣ್ಣದಿಂದ ಬರೆದ ಜ್ವಾಲೆಯ ಗುರುತುಗಳೇ ಅಲ್ಲಿ ಮೈಲಿಗಲ್ಲು. ಹಾದಿಗಿಳಿಯುವ ಮುನ್ನ ಸವಾರರು ಟೈರಿನ ಗಾಳಿಯನ್ನು ಹದಿನೈದಿಪ್ಪತ್ತು ಪೌಂಡಿಗೆ ಇಳಿಸುತ್ತಾರೆ. ಮೆತ್ತಗಾದ ಟೈರು ಬರಿಗಾಲಿನಂತೆ ಹರಡಿಕೊಂಡು ಕಲ್ಲಿನ ಉಬ್ಬುತಗ್ಗನ್ನು ಹಿಡಿಯುತ್ತದೆ. ಏರಿನಲ್ಲಿ ಎಂಜಿನ್ನಿನ ಮೂತಿಯ ಮುಂದೆ ಆಕಾಶವೊಂದೇ ಕಾಣುತ್ತದೆ. ಏಣಿನ ತುದಿಯಲ್ಲಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಬೇಕಾದ ಒಂದು ಕ್ಷಣ ಬರುತ್ತದೆ. ಆಗ ಗಾಲಿ ತೊಡರಿದರೆ ಪಕ್ಕದ ಆಳ ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ಅಳುಕಿದ ಸವಾರ ಕಷ್ಟದ ಮೆಟ್ಟಿಲನ್ನು ಬಿಟ್ಟು ಪಕ್ಕದ ಮಣ್ಣಿಗೆ ಇಳಿಯುವುದೂ ಉಂಟು. ಅದೇ ಆ ನಾಡಿಗೆ ದೊಡ್ಡ ಕೇಡು. ಬಂಡೆಗಳ ನಡುವಿನ ಆ ಕರಿಯ ಹಕ್ಕಳೆಗಟ್ಟಿದ ಮಣ್ಣು ಜೀವಂತವಾದದ್ದು. ಕಣ್ಣಿಗೆ ಕಾಣದ ಜೀವಾಣುಗಳೂ ಕಲ್ಲುಹೂವು, ಪಾಚಿಗಳೂ ಮರಳಿನ ಕಣಗಳನ್ನು ಹೆಣೆದು ಗಾಳಿಗೆ ಹಾರದಂತೆ ಹಿಡಿದಿವೆ. ಒಮ್ಮೆ ಗಾಲಿ ಹರಿದರೆ ಅದು ಚೇತರಿಸಿಕೊಳ್ಳಲು ದಶಕಗಳು ಬೇಕು. ಗಾಲಿ ಸರಿಯಾಗಿ ಹೊಂದಿದ ಜೀಪು ಹಾದಿಯನ್ನು ಬಿಡಬೇಕಾಗಿಲ್ಲ; ಅದರಿಂದ ಸವಾರನೂ ಉಳಿಯುತ್ತಾನೆ, ಮಣ್ಣೂ ಉಳಿಯುತ್ತದೆ.

ಸಂಜೆ ಬಂಡೆಗಳು ಕೆಂಡದ ಬಣ್ಣಕ್ಕೆ ತಿರುಗುವ ಹೊತ್ತಿಗೆ ಜೀಪುಗಳು ಒಂದೊಂದಾಗಿ ಕೆಳಗಿಳಿದು ರಸ್ತೆಯ ಬದಿಯಲ್ಲಿ ನಿಲ್ಲುತ್ತವೆ. ಪಂಪುಗಳು ಗುಂಯ್‌ಗುಡುತ್ತವೆ, ಬೆಳಿಗ್ಗೆ ಬಿಟ್ಟ ಗಾಳಿಯನ್ನು ಟೈರುಗಳು ಮತ್ತೆ ಕುಡಿಯುತ್ತವೆ. ಕೆಲವರು ದೀಪ ಹಿಡಿದು ಗಾಲಿಯ ಒಳಬದಿಯನ್ನು ಮೊದಲು ನೋಡುತ್ತಾರೆ. ಅಲ್ಲಿ ಉಜ್ಜಿದ ಗೆರೆಯೊಂದೂ ಇಲ್ಲದಿದ್ದರೆ, ನೆಮ್ಮದಿಯಿಂದ ಊರಿನ ಕಡೆ ಹೊರಡುತ್ತಾರೆ.